ನಕ್ಷೆಯಲ್ಲಿಲ್ಲದ ಮೇಟಿ

ಬೆಂಗಳೂರು, ಹಾಸ್ಟೆಲ್
೧೮ ಅಕ್ಟೋಬರ್ ೧೯೩೬

ಅಕ್ಕಾ,

ಈ ಕಾಗದ ಕೈಗೆ ಬಂದಾಗ ಭಾವ ಪಕ್ಕದಲ್ಲಿದ್ದರೆ ಮಡಚಿಟ್ಟು ಆಮೇಲೆ ಓದು.

ಅಣ್ಣ ವಿಮಾನ ಕಟ್ಟುತ್ತಿದ್ದಾನೆ. ತಮಾಷೆ ಅಲ್ಲ. ಚನ್ನಗಿರಿಯಲ್ಲಿ ಅವನು ಬಸ್ಸು ರಿಪೇರಿ ಮಾಡುವ ಷೆಡ್ಡಿನ ಹಿಂದೆ, ಒಂಬತ್ತು ತಿಂಗಳಿಂದ. ಒಬ್ಬರು ಕೂರುವಷ್ಟು ಜಾಗ. ಹೊನ್ನಾಳಿಯಲ್ಲಿ ಯಾರೋ ಸಾಹೇಬರು ಬಿಟ್ಟುಹೋದ ಮೋಟರ್ ಸೈಕಲ್ಲಿನ ಇಂಜಿನ್ನು, ಸೈಕಲ್ ಗಾಲಿ, ಗಾಡಿ ಮಾಡುವ ಬಡಗಿ ಕೆತ್ತಿಕೊಟ್ಟ ಫ್ಯಾನು, ರೆಕ್ಕೆಗೆ ವಾರ್ನಿಷ್ ಬಳಿದ ಮಲ್ಲು ಬಟ್ಟೆ. ನನಗೆ ಮೊದಲಿಂದ ಗೊತ್ತು. ನಿನಗೆ ಹೇಳಲಿಲ್ಲ. ಅದನ್ನು ಕಟ್ಟುವ ಪುಸ್ತಕ ಇಂಗ್ಲಿಷಿನಲ್ಲಿದೆ, ವಾರಕ್ಕೆ ನಾಲ್ಕು ಪುಟ ಕನ್ನಡ ಮಾಡಿ ಕಳಿಸುತ್ತಿರುವವಳು ನಾನೇ. ಒಂದು ಲೈನ್ ತಪ್ಪಾದರೂ ಅದರ ಮೇಲೆ ಕೂರುವವನು ಅಣ್ಣ ಅಂತ ನೆನೆದು ಪ್ರತಿ ಪುಟವನ್ನೂ ಮೂರು ಸಲ ತಾಳೆ ನೋಡಿ ಕಳಿಸುತ್ತೇನೆ.

ಈಗ ಸುಗ್ಗಿ ಹೊತ್ತಿಗೆ ಸೊಕ್ಕೆಗೆ ಹಾರಿ ಬರುತ್ತಾನಂತೆ. ಎರಡು ವರ್ಷದ ಹಿಂದೆ ಭಾವನ ಜೊತೆ ಮಾತಿಗೆ ಮಾತು ಬೆಳೆದು, ನಿಮ್ಮ ಹೊಸಿಲಿಗೆ ಕಾಲಿಡಲ್ಲ ಅಂದನಲ್ಲ, ಆಗ ಭಾವ, "ಕಾಲಿಡಬ್ಯಾಡಪ್ಪ ಪಂಚಾಕ್ಷರಿ, ಹಾರ್ಕೊಂಡು ಬಾ" ಅಂದರು. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ.

ಅವನು ನಿಮ್ಮ ಮನೆಗೆ ಕಾಗದ ಬರೆಯುವುದಿಲ್ಲ. ಇಳಿಯುವುದಕ್ಕೆ ಬಯಲು ಇದೆಯೇ ಅಂತ ನನ್ನ ಮೂಲಕ ಕೇಳಿಸಿದ್ದಾನೆ. ಅಕ್ಕಾ, ಇಲ್ಲ ಅಂತ ಬರೆದುಬಿಡು. ನಾನು ಬೇಡ ಅಂದರೆ ಹೆದರುಪುಕ್ಕಲಿ ಅನ್ನುತ್ತಾನೆ. ನೀನು ಅಂದರೆ ಕೇಳುತ್ತಾನೆ. ಅವ್ವ ಹೋದ ಮೇಲೆ ಅವನು ಕೇಳಿದ್ದು ನಿನ್ನ ಮಾತೊಂದೇ.

ನಿನ್ನ ತಂಗಿ
ಪ್ರೇಮಾ


ಸೊಕ್ಕೆ
೨ ನವೆಂಬರ್ ೧೯೩೬

ಪ್ರೇಮಾ,

ನಾವೆಲ್ಲ ಉಂಡು ತಿಂದು ಚೆಂದ ಐದೀವಿ. ನಮ್ಮತ್ತೆಯವರಿಗೆ ಮಾತ್ರ ಮಂಡಿನೋವು.

ಭಾವನ ಮುಂದೆ ಓದಬ್ಯಾಡ ಅಂದಿದ್ದೆ ನೀನು. ನಾನು ಹೇಳಿಬಿಟ್ಟೆ. ಅವರು ಉಣ್ಣೋದು ನಿಲ್ಲಿಸಿ, "ಬಸ್ಸಿನ ಕೆಳಗೆ ಮಲಗೋನು ಮೋಡದ ಮ್ಯಾಲೆ ಕುಂದರ್ತಾನಂತೇನು" ಅಂದ್ರು. ನಕ್ಕರು. ಆಮೇಲೆ ಎರಡು ರೊಟ್ಟಿ ಹಂಗೇ ಬಿಟ್ಟು ಎದ್ದು ಹೋದ್ರು. ಸಂಜೆ ನಮ್ಮ ಆಳು ಜುಂಜಪ್ಪ ಬಂದು ಹೇಳ್ತಾನೆ, ಗೌಡ್ರು ಊರ ಹಿಂದಿನ ಬೀಳು ನೆಲದಾಗೆ ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕ್ತಾ ಎಣಿಸ್ತಿದ್ರು, ಏನಂತ ಕೇಳಿದ್ರೆ ಕುರಿ ದೊಡ್ಡಿಗೆ ಅಂದ್ರಂತೆ. ನಮ್ಮ ಮನ್ಯಾಗೆ ಕುರಿ ಎಲ್ಲೈತೆ.

ಜಾಗ ಇಲ್ಲ ಅಂತ ಬರೆಯಾಕೆ ಕುಂತೆ. ಕೈ ಬರಲಿಲ್ಲ. ಎರಡು ವರ್ಷ ಆತು ಅವನ ಮುಖ ನೋಡಿ. ಗಾಡಿಯಾಗೆ ಬಾ ಅಂದ್ರೆ ಬರಂಗಿಲ್ಲ, ಬಸ್ಸಿನಾಗೆ ಬಾ ಅಂದ್ರೆ ಬರಂಗಿಲ್ಲ. ಹಾರಿ ಬರ್ತೀನಿ ಅಂದೋನಿಗೆ ನಾನು ಬ್ಯಾಡ ಅನ್ನಲೇನು. ನೀನು ಸಣ್ಣಾಕೆ ಇದ್ದಾಗ ಬಾವಿ ಗಡಗಡೆ ಸದ್ದಿಗೂ ಅಂಜುತಿದ್ದೆ. ಅಂಜಬ್ಯಾಡ. ಜಾಗ ಐತೆ ಅಂತ ಬರಿ. ಹೆಂಗಿರಬೇಕು ಅಂತ ಕೇಳಿ ತಿಳಿಸು.

ಕಸ್ತೂರಮ್ಮ


ಬೆಂಗಳೂರು
೨೦ ನವೆಂಬರ್ ೧೯೩೬

ಅಕ್ಕಾ,

ನಿನ್ನ ಕಾಗದ ಓದಿ ಅಳು ಬಂತು, ಸಂತೋಷಕ್ಕಲ್ಲ.

ಅಣ್ಣ ನ್ಯಾಮತಿ ಹತ್ತಿರದ ಗೋಮಾಳದಲ್ಲಿ ಮೂರು ಭಾನುವಾರ ಹಾರಿ ನೋಡಿದನಂತೆ. ಮೊದಲ ಸಲ ಆಳೆತ್ತರ. ಎರಡನೇ ಸಲ ಒಂದು ಗಾಲಿ ಮುರಿದು ತುಟಿ ಸೀಳಿತು. ಮೂರನೇ ಸಲ ಊರನ್ನು ಒಂದು ಸುತ್ತು ಹಾಕಿದ. ತುಟಿಯ ವಿಷಯ ಒಂದೇ ಸಾಲು ಬರೆದಿದ್ದಾನೆ, ಸುತ್ತಿನ ವಿಷಯ ಮೂರು ಪುಟ. ನಾನು ಫಿಸಿಕ್ಸ್ ಕ್ಲಾಸಿನಲ್ಲಿ ಕೂತು ಆ ಒಂದು ಸಾಲನ್ನೇ ಓದುತ್ತಿದ್ದೆ. ಹಾಸ್ಟೆಲಿನ ಗೇಟಿನ ಹತ್ತಿರ ಸೈಕಲ್ ಬೆಲ್ ಆದರೆ ತಂತಿ ಬಂತು ಅನ್ನಿಸುತ್ತೆ. ವಾರ್ಡನ್ ನನ್ನನ್ನು ನರ್ವಸ್ ಟೈಪ್ ಅನ್ನುತ್ತಾರೆ.

ಪುಸ್ತಕದಲ್ಲಿ ಹೇಳಿರುವುದು ಇಷ್ಟು. ಮುನ್ನೂರು ಗಜ ಉದ್ದ, ಮಟ್ಟಸ ನೆಲ. ಗಿಡ, ಕಲ್ಲು, ಕಂಬ, ಬೇಲಿ ಏನೂ ಇರಬಾರದು. ಇಳಿಯುವ ಜಾಗದ ಮೇಲೆ ಬಿಳಿ ಬಟ್ಟೆ ಹಾಸಬೇಕು. ಗಾಳಿ ಯಾವ ಕಡೆಗೆ ಅಂತ ತಿಳಿಯಲು ಹಸಿ ಹುಲ್ಲಿನ ಹೊಗೆ ಹಾಕಬೇಕು. ದೊಡ್ಡ ಏರೋಡ್ರೋಮುಗಳಲ್ಲಿ ನಡುವೆ ಅಗಲವಾದ ಬಿಳಿ ವೃತ್ತ ಬರೆದಿರುತ್ತಾರಂತೆ, ಎಷ್ಟು ಎತ್ತರದಿಂದಲೂ ಕಾಣುವಂತೆ. ಆ ಪುಟ ಅಣ್ಣನಿಗೆ ಬಹಳ ಹಿಡಿಸಿ ಎರಡು ಸಲ ಬರೆಸಿಕೊಂಡ. ನಮಗೆ ಅದೆಲ್ಲ ಬೇಡ. ಭಾವನ ಒಂದು ಪಂಚೆ ಸಾಕು.

ಕಂಬ ಇರಬಾರದು ಅನ್ನುವುದರ ಕೆಳಗೆ ಗೆರೆ ಎಳೆದಿದ್ದೇನೆ, ನೋಡು.

ಪ್ರೇಮಾ


ಸೊಕ್ಕೆ
೧೨ ಡಿಸೆಂಬರ್ ೧೯೩೬

ಪ್ರೇಮಾ,

ಒಲೆ ಮ್ಯಾಲೆ ಹಂಚು ಇಟ್ಟು ಬರೀತಾ ಐದೀನಿ, ರೊಟ್ಟಿ ಹಿಟ್ಟು ಹತ್ತಿದ್ರೆ ಬೈಬ್ಯಾಡ.

ಬೀಳು ಗಟ್ಟಿ ನೆಲ, ಮುನ್ನೂರು ಗಜಕ್ಕಿಂತ ಜಾಸ್ತಿನೇ ಐತೆ. ಎರೆ ಹೊಲದಾಗೆ ಬ್ಯಾಡ, ಬಿರುಕಿನಾಗೆ ಕರುವಿನ ಕಾಲು ಸಿಗ್ತಾವೆ. ಬೀಳಿನಾಗಿನ ಕಲ್ಲು ಆರಿಸಾಕೆ ಜುಂಜಪ್ಪನ ಜೊತೆ ನಾಲ್ಕು ಆಳು ಹಾಕ್ಯಾರೆ. ಜಾಲಿ ಕಡಿಸ್ಯಾರೆ. ನಿನ್ನ ಭಾವನೇ ನಿಂತು ಮಾಡಿಸ್ತಾರೆ, ಕೇಳಿದೋರಿಗೆಲ್ಲ ಕುರಿ ದೊಡ್ಡಿ ಅಂತಾರೆ. ಊರಿಗೆಲ್ಲ ಗೊತ್ತೈತೆ, ಯಾವ ಕುರಿ ಅಂತ.

ಬೀಳಿನ ಮೂಡಲಿಗೆ ಹತ್ತಿಕೊಂಡೇ ನಮ್ಮ ಕಣ ಐತೆ. ಈ ವರ್ಷ ನಾಲ್ಕು ಮನೆ ಸೇರಿ ಒಂದೇ ಕಣ ಮಾಡೀವಿ, ಸಗಣಿ ಬಗ್ಗಡ ಸಾರಿಸಿ ಕನ್ನಡಿ ಹಂಗೆ ಐತೆ. ಆ ಕಡೆಗೆ ಬರಬ್ಯಾಡ ಅಂತ ಅವನಿಗೆ ಬರಿ. ನಡುವೆ ಮೇಟಿ ಕಂಬ ನೆಟ್ಟೈತೆ. ಎತ್ತು ಅದನ್ನೇ ಸುತ್ತಬೇಕು. ರಾಶಿ ಪೂಜೆ ಆಗೋಗಂಟ ಅದನ್ನ ಕೀಳಂಗಿಲ್ಲ, ನಿನಗೆ ಗೊತ್ತಲ್ಲ.

ಇದನ್ನೆಲ್ಲ ನೀನು ಚೆಂದಾಗಿ ನಕ್ಷೆ ಬರೆದು ಅವನಿಗೆ ಕಳಿಸು. ನನ್ನ ಅಕ್ಷರ ಅವನು ಓದ್ತಾನೋ ಹರೀತಾನೋ.

ಕಸ್ತೂರಮ್ಮ


ಬೆಂಗಳೂರು
೩ ಜನವರಿ ೧೯೩೭

ಅಕ್ಕಾ,

ನಕ್ಷೆ ಕಳಿಸಿದೆ. ದಪ್ಪ ಡ್ರಾಯಿಂಗ್ ಶೀಟಿನ ಮೇಲೆ ಇಂಡಿಯನ್ ಇಂಕಿನಲ್ಲಿ, ಸ್ಕೇಲ್ ಹಾಕಿ, ಉತ್ತರದ ಬಾಣ ಎಲ್ಲ ಇಟ್ಟು. ಬೀಳು ಉದ್ದಕ್ಕೆ, ಅದರ ಪಕ್ಕ ನಿಮ್ಮ ಕಣ ಕಂಪಾಸಿನಿಂದ ಎಳೆದ ವೃತ್ತ, ಆಮೇಲೆ ಊರು, ಬಾವಿ, ಜಗಳೂರಿನ ರಸ್ತೆ. ಒಂದೆರಡು ಕಡೆ ಬ್ಲೇಡಿನಿಂದ ಕೆರೆದು ಸರಿಮಾಡಿದೆ, ಗೊತ್ತೇ ಆಗುವುದಿಲ್ಲ. ರೂಮಿನ ಹುಡುಗಿಯರು ನೋಡಿ ಜಿಯಾಗ್ರಫಿ ಪುಸ್ತಕದ್ದೇ ಅಂದರು. ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಸ್ವಲ್ಪ ಧೈರ್ಯ ಬಂತು.

ಭಾನುವಾರ, ಇಪ್ಪತ್ನಾಲ್ಕನೇ ತಾರೀಕು. ವಿಮಾನವನ್ನು ಬಿಚ್ಚಿ ಲಾರಿಯಲ್ಲಿ ಜಗಳೂರಿಗೆ ತಂದು, ಅಲ್ಲಿ ಜೋಡಿಸಿ, ಅಲ್ಲಿಂದ ಹಾರುತ್ತಾನೆ. ಎತ್ತಿನ ಗಾಡಿಗೆ ಅರ್ಧ ದಿನದ ದಾರಿ, ಅವನಿಗೆ ಹತ್ತು ಹನ್ನೆರಡು ನಿಮಿಷ. ನನಗೆ ಟೆಸ್ಟ್ ಇದೆ, ರಜೆ ಕೊಡುವುದಿಲ್ಲ. ಇಳಿದ ತಕ್ಷಣ ಯಾರನ್ನಾದರೂ ಓಡಿಸಿ ತಂತಿ ಕೊಡು. ಒಳ್ಳೆಯದಾದರೂ ಕೊಡು.

ಪ್ರೇಮಾ


ತಂತಿ
ದಾವಣಗೆರೆ, ೨೫ ಜನವರಿ ೧೯೩೭

ವಿಮಾನ ಬಿದ್ದಿದೆ. ಪಂಚಾಕ್ಷರಿಗೆ ಜೀವ ಇದೆ. ಆಸ್ಪತ್ರೆಯಲ್ಲಿ. ಕಾಗದ ಬರುತ್ತದೆ.
ಮರುಳಸಿದ್ದಪ್ಪ


ಬೆಂಗಳೂರು
೨೫ ಜನವರಿ ೧೯೩೭

ಅಕ್ಕಾ,

ಭಾವನ ತಂತಿ ಈಗ ಬಂತು. ಲ್ಯಾಬಿನಿಂದ ಕರೆದರು. ಮೆಟ್ಟಿಲು ಇಳಿಯುವಾಗಲೇ ಗೊತ್ತಾಯಿತು.

ಜೀವ ಇದೆ ಅಂದರೆ ಏನು. ಮಾತಾಡುತ್ತಾನಾ. ತಲೆಗಾ, ಎದೆಗಾ. ಗಾರ್ಡಿಯನ್ ಕಾಗದ ಇಲ್ಲದೆ ಬಿಡುವುದಿಲ್ಲ ಅನ್ನುತ್ತಾರೆ, ನನ್ನ ಗಾರ್ಡಿಯನ್ನೇ ಅಲ್ಲಿ ಮಲಗಿದ್ದಾನೆ ಅಂತ ಹೇಳಿದರೂ ರೂಲ್ಸ್ ಅನ್ನುತ್ತಾರೆ.

ಒಂದು ತಿಳಿಸು. ಎಲ್ಲಿ ಇಳಿದ. ಬೀಳಿನಲ್ಲೇ ತಾನೆ. ಯಾವುದಕ್ಕೆ ತಗುಲಿತು.

ಪ್ರೇಮಾ


ದಾವಣಗೆರೆ, ಆಸ್ಪತ್ರೆ
೩೦ ಜನವರಿ ೧೯೩೭

ಪ್ರೇಮಾ,

ಐದು ದಿನ ಆತು ಇಲ್ಲೇ ಐದೀನಿ. ಮಾತಾಡ್ತಾನೆ, ತಲೆಗೆ ಏನೂ ಆಗಿಲ್ಲ. ಎಡಗಾಲು ಮೊಣಕಾಲಿನ ಕೆಳಗೆ ಜಜ್ಜಿ ಹೋಗೈತೆ. ಬಾವು ಇಳಿದಿಲ್ಲ. ಬಣ್ಣ ನೋಡಿ ಡಾಕ್ಟರು ಮುಖ ಆ ಕಡೆ ಮಾಡ್ತಾರೆ.

ಅವತ್ತು ಊರಿಗೆ ಊರೇ ಬೀಳಿನ ಅಂಚಿನಾಗೆ ನಿಂತಿತ್ತು. ಪಂಚೆ ಹಾಸಿದ್ವಿ, ನಾಲ್ಕು ಮೂಲೆಗೆ ಕಲ್ಲು ಇಟ್ಟಿದ್ವಿ. ಜುಂಜಪ್ಪ ಹಸಿ ಹುಲ್ಲಿಗೆ ಬೆಂಕಿ ಹಾಕಿದ. ಹಿಟ್ಟಿನ ಗಿರಣಿ ಸದ್ದಿನಂಗೆ ಕೇಳಿಸ್ತು, ಆಮೇಲೆ ಕಾಣಿಸ್ತು, ಬಿಳೇದು, ಕೊಕ್ಕರೆ ಹಂಗೆ. ನಮ್ಮತ್ತೆಯವರು ಕೈ ಮುಗಿದ್ರು. ನಿನ್ನ ಭಾವ, "ಬಂದ ನೋಡ್ರಿ ನಮ್ಮ ಭಾಮೈದ, ಹೊಸಿಲು ತುಳಿಯದೆ ಬಂದ" ಅಂತ ಎಲ್ಲರಿಗೂ ಹೇಳ್ತಾ ಹೇಳ್ತಾ ಕಣ್ಣು ಒರೆಸಿಕೊಂಡ್ರು.

ಎರಡು ಸುತ್ತು ಹಾಕಿದ. ಅಷ್ಟೊತ್ತಿಗೆ ಗಾಳಿ ತಿರುಗಿತು. ಹೊಗೆ ಎಲ್ಲ ಬೀಳಿನ ಮ್ಯಾಲೆ ಕವುಚಿಕೊಂಡು ಪಂಚೆ ನಮಗೇ ಕಾಣಲಿಲ್ಲ, ಮೇಲಿದ್ದೋನಿಗೆ ಏನು ಕಾಣ್ತೈತೆ. ಕಣದಾಗೆ ಬಿಳಿಜೋಳದ ತೆನೆ ಹರವಿದ್ವಿ. ಎತ್ತು ಬಿಚ್ಚಿ ಅವನನ್ನ ನೋಡಾಕೆ ಬಂದಿದ್ರು. ಬಿಸಿಲಿಗೆ ಕಣ ದುಂಡಗೆ, ಬೆಳ್ಳಗೆ ಹೊಳೀತಿತ್ತು. ಅವನು ಅದರ ಕಡೆಗೆ ಮುಖ ಮಾಡಿ ಇಳಿಯಾಕೆ ಹತ್ತಿದ. ಜುಂಜಪ್ಪ ಎರಡೂ ಕೈ ಎತ್ತಿ ಬೀಸ್ತಾ ಓಡಿದ, ಬ್ಯಾಡ ಬ್ಯಾಡ ಅಂತ. ಇವನು ಮ್ಯಾಲಿಂದ ನೋಡಿ ತಾನೂ ಕೈ ಬೀಸಿದ.

ಚೆಂದ ಇಳಿದ, ಪ್ರೇಮಾ. ತೆನೆ ಮ್ಯಾಲೆ ಗಾಲಿ ಮೆತ್ತಗೆ ಉರುಳಿತು. ನಾನು ಉಸಿರು ಬಿಟ್ಟೆ. ಆವಾಗ ಎಡ ರೆಕ್ಕೆ ಮೇಟಿಗೆ ಬಡೀತು. ಗಿರ್ರನೆ ತಿರುಗಿ ಮೂತಿ ನೆಲಕ್ಕೆ ಹೊಡೆದು ಇಂಜಿನ್ನು ಅವನ ಕಾಲ ಮ್ಯಾಲೆ ಬಂತು. ಮೇಟಿ ಅಲ್ಲಾಡಲಿಲ್ಲ.

ನಿನ್ನ ಭಾವ ಸುಡೋ ಇಂಜಿನ್ನು ಬರಿಗೈಯಾಗೆ ಎತ್ತಿದ್ರು. ಎರಡೂ ಅಂಗೈ ಸುಟ್ಟು ಹೋಗ್ಯಾವೆ. "ಬಂದ್ಯಲ್ಲೋ, ಬಂದ್ಯಲ್ಲೋ" ಅಂತ ಅದೊಂದೇ ಮಾತು ಜಗಳೂರಿನವರೆಗೆ ಗಾಡಿಯಾಗೆ.

ಈಗ ಒಂದು ಮಾತು. ಮೇಟಿ ಐತೆ ಅಂತ ನಾನು ನಿನಗೆ ಬರೆದಿದ್ದೆ ಅಲ್ಲೇನು. ಬರೆದಂಗೆ ನೆನಪು. ರೊಟ್ಟಿ ಸುಡ್ತಾ ಬರೆದಿದ್ದೆ, ಮನಸ್ಸಿನಾಗೆ ಅಂದುಕೊಂಡು ಕೈಲಿ ಬಿಟ್ಟೆನೋ ಗೊತ್ತಿಲ್ಲ. ಮೇಟಿ ಐತೆ ಅಂತ ಯಾಕೆ ತಿಳಿಸಲಿಲ್ಲ ಅಂತ ಅವನು ಕೇಳಿದ. ಆ ಕಾಗದ ನಿನ್ನ ಹತ್ರ ಇರಬೇಕು. ನೋಡಿ ಬರಿ.

ಕಸ್ತೂರಮ್ಮ


ಬೆಂಗಳೂರು
೫ ಫೆಬ್ರವರಿ ೧೯೩೭

ಅಕ್ಕಾ,

ಕಾಲು ಉಳಿಯುತ್ತೆ ಅಂತ ಡಾಕ್ಟರು ಡೆಫಿನಿಟ್ ಆಗಿ ಹೇಳಿದರೇ. ಇಲ್ಲಿ ಒಬ್ಬಳ ಚಿಕ್ಕಪ್ಪ ಸರ್ಜನ್, ಅವರನ್ನು ಕೇಳಿಸುತ್ತೇನೆ. ಭಾವನ ಕೈಗೆ ಸುಟ್ಟಗಾಯದ ಮುಲಾಮು ಹಚ್ಚಿ, ಇಲ್ಲಿಂದ ಪಾರ್ಸೆಲ್ ಮಾಡಿದ್ದೇನೆ. ಅಣ್ಣನಿಗೆ ಕಿತ್ತಳೆ ಹಣ್ಣು ಕೊಡು.

ನಾನು ಚೆನ್ನಾಗಿದ್ದೇನೆ. ಟೆಸ್ಟ್ ಚೆನ್ನಾಗಿ ಆಗಲಿಲ್ಲ.

ಆ ಕಾಗದ ಹುಡುಕಿದೆ. ರೂಮ್ ಬದಲಾಯಿಸಿದಾಗ ಎಲ್ಲೋ ಮಿಸ್ ಆಗಿರಬೇಕು. ಏನು ಬರೆದಿದ್ದೆ ಅಂತ ನನಗೂ ಸರಿಯಾಗಿ ನೆನಪಿಲ್ಲ.

ಪ್ರೇಮಾ


ದಾವಣಗೆರೆ
೨೦ ಫೆಬ್ರವರಿ ೧೯೩೭

ಪ್ರೇಮಾ,

ಹೋದ ಮಂಗಳವಾರ ಕಾಲು ತೆಗೆದ್ರು, ಮೊಣಕಾಲಿನ ಕೆಳಗೆ. ಇಲ್ಲದಿದ್ರೆ ಜೀವ ಹೋಗ್ತಿತ್ತು. ಎಚ್ಚರ ಆದಮೇಲೆ ಹೊದಿಕೆ ಎತ್ತಿ ನೋಡಲಿಲ್ಲ. ಇನ್ನೂ ನೋಡಿಲ್ಲ.

ಕಾಗದ ಸಿಗಲಿಲ್ಲ ಅಂದ್ರೆ ಬಿಡು. ನಾನು ಬರೆದಿಲ್ಲ, ಅದೇ ನಿಜ. ನೀನು ಅಷ್ಟು ಅಂಜೋಳು, ಕಂಬದ ಕೆಳಗೆ ಗೆರೆ ಎಳೆದೋಳು, ನಾನು ಬರೆದಿದ್ರೆ ನೀನು ಬಿಡ್ತಿದ್ದೇನು. ಅವನಿಗೆ ಹೇಳಿದೆ, ಅಪ್ಪಾ, ನಂದೇ ತಪ್ಪು, ಮೇಟಿ ಐತೆ ಅಂತ ಬರೆಯೋದು ಮರೆತೆ. ಅವನು, "ನಕ್ಷೆಯಾಗೆ ಇದ್ದಿಲ್ಲ" ಅಂದ. ಗೋಡೆ ಕಡೆ ತಿರುಗಿ ಮಲಗಿದ.

ಊರಾಗೆ ಕಣದ ಮ್ಯಾಲೆ ರಕ್ತ ಬಿತ್ತು ಅಂತ ರಾಶಿ ಪೂಜೆ ಮಾಡಲಿಲ್ಲ. ನಾಲ್ಕು ಮನೆಯೋರು ತೆನೆ ಬಳಿದುಕೊಂಡು ಬ್ಯಾರೆ ಕಣಕ್ಕೆ ಹೋದ್ರು. ಪೂಜೆ ಇಲ್ಲದೆ ಕೀಳಂಗಿಲ್ಲ ಅಂತ ಮೇಟಿ ಹಂಗೇ ನಿಂತೈತೆ, ಬರೇ ಕಣದಾಗೆ. ಒಂದು ದಿನ ಬಟ್ಟೆ ತರಾಕೆ ಊರಿಗೆ ಹೋಗಿದ್ದೆ. ಜನ ಆ ಕಡೆ ದಾರಿ ಬಿಟ್ಟು ಓಡಾಡ್ತಾರೆ. ನಮ್ಮತ್ತೆಯವರು ಬಾಗಿಲಾಗೇ ಅಂದ್ರು, "ಓದು ಬರಹ ಬಂದ ಸೊಸೆ ಅಂತ ಮೆರೆಸಿದ್ವಿ. ಬರೆಯೋ ಒಂದು ಮಾತು ಮರೆತು ತಮ್ಮನ ಕಾಲು ತಿಂದಳು." ನಿನ್ನ ಭಾವ ಏನೂ ಅನ್ನಂಗಿಲ್ಲ. ಏನಾದ್ರೂ ಅಂದ್ರೆ ಚೆನ್ನಾಗಿತ್ತು.

ಇನ್ನು ಮ್ಯಾಲೆ ನಾನು ಕಾಗದ ಬರೆಯಂಗಿಲ್ಲ. ನನ್ನ ಕೈಗೆ ಅದು ಬ್ಯಾಡ. ಏನಾದ್ರೂ ಇದ್ರೆ ಭಾವ ಬರೆಸಿ ಹಾಕ್ತಾರೆ. ನೀನು ಓದು.

ಕಸ್ತೂರಮ್ಮ


ಬೆಂಗಳೂರು
೨೭ ಫೆಬ್ರವರಿ ೧೯೩೭

ಅಕ್ಕಾ,

ಇದರ ಜೊತೆ ನಿನ್ನ ಡಿಸೆಂಬರ್ ಹನ್ನೆರಡರ ಕಾಗದ ಇಟ್ಟಿದ್ದೇನೆ. ಮಿಸ್ ಆಗಿರಲಿಲ್ಲ. ನನ್ನ ಟ್ರಂಕಿನಲ್ಲಿ, ಲಂಗದ ಮಡಿಕೆಯಲ್ಲಿತ್ತು. ರೊಟ್ಟಿ ಹಿಟ್ಟಿನ ಕಲೆ ಇನ್ನೂ ಇದೆ. ಮೂರನೇ ಪ್ಯಾರಾ ನೋಡು. ನೀನು ಬರೆದಿದ್ದೆ. ಆ ಕಡೆಗೆ ಬರಬ್ಯಾಡ ಅಂತ ಬರೆದಿದ್ದೆ, ಮೇಟಿ ಅಂತ ಬರೆದಿದ್ದೆ, ಕೀಳಂಗಿಲ್ಲ ಅಂತಲೂ ಬರೆದಿದ್ದೆ.

ನಾನು ಅದನ್ನು ಓದಿ ಕಣದ ವೃತ್ತದ ನಡುವೆ ಒಂದು ಚುಕ್ಕೆ ಇಟ್ಟೆ. ಕಂಪಾಸಿನ ಮೊನೆ ಊರಿದ ಜಾಗದಲ್ಲೇ. ಇಂಕು ಸ್ವಲ್ಪ ಹರಡಿತು. ಇಡೀ ನಕ್ಷೆಯಲ್ಲಿ ಅದೊಂದೇ ಕೊಳಕಾಗಿ ಕಂಡಿತು. ಹುಡುಗಿಯರು ನೋಡಲು ಬಂದಾಗ ಒಬ್ಬಳು ಬ್ಲಾಟ್ ಅಂದಳು. ನಾನು ಬ್ಲೇಡ್ ತಗೊಂಡು ಕೆರೆದೆ. ಕೆರೆಯುವಾಗ ಯೋಚನೆ ಬಾರದೆ ಇರಲಿಲ್ಲ, ಅಕ್ಕಾ. ವಿಮಾನ ಬರುತ್ತೆ ಅಂದರೆ ಒಂದು ಮರದ ಗೂಟ ಕೀಳದೆ ಇರುತ್ತಾರಾ, ಪೂಜೆಯಂತೆ, ಕಿತ್ತೇ ಕೀಳುತ್ತಾರೆ ಅಂದುಕೊಂಡೆ. ಏಳು ವರ್ಷದಿಂದ ಹಾಸ್ಟೆಲ್ ಅನ್ನ ಉಂಡು ನಾನು ನಿಮ್ಮನ್ನು ಅಷ್ಟೇ ತಿಳಿದಿದ್ದೆ. ಆಮೇಲೆ ಪಕ್ಕದಲ್ಲಿ ಬರೆಯೋಣ ಅಂದುಕೊಂಡೆ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ಬಿಳಿ ವೃತ್ತದ ಪುಟ ಅವನಿಗೆ ಎರಡು ಸಲ ಬರೆದುಕೊಟ್ಟವಳೂ ನಾನೇ. ನನ್ನ ನಕ್ಷೆಯಲ್ಲಿ ಅವನು ಖಾಲಿ ವೃತ್ತ ನೋಡಿದ. ಮೇಲಿಂದಲೂ ಅದನ್ನೇ ನೋಡಿದ.

ತಂತಿ ಬಂದ ಕ್ಷಣವೇ ನನಗೆ ಗೊತ್ತಿತ್ತು. ಎಲ್ಲಿ ಇಳಿದ ಅಂತ ಕೇಳಿದ್ದು ಅದಕ್ಕೇ. ಆಮೇಲೆ ನಿನಗೆ ಸುಳ್ಳು ಬರೆದೆ. ನೀನು ಕಾಗದ ಬರೆಯುವುದು ಬಿಡುತ್ತೀನಿ ಅಂದಾಗ ಟ್ರಂಕು ತೆಗೆದೆ. ಇದನ್ನು ಅತ್ತೆಯವರಿಗೆ ಓದಿ ಹೇಳು. ಭಾವನಿಗೆ ತೋರಿಸು. ಅಣ್ಣನಿಗೆ ಹೇಳುವ ಧೈರ್ಯ ನನಗಿಲ್ಲ. ನೀನು ಹೇಳಿದರೂ ಸರಿ, ಹೇಳದಿದ್ದರೂ ಸರಿ. ದಿನವೂ ಗೇಟಿನಲ್ಲಿ ಬೆಲ್ ಆಗುತ್ತೆ, ಅವನು ನನಗೆ ಬರೆದ ಕಾಗದ ಅಂತ ಹೆದರುತ್ತೇನೆ. ಅವನದಲ್ಲ ಅಂದಾಗ ಇನ್ನೂ ಹೆದರುತ್ತೇನೆ.

ಪ್ರೇಮಾ


ಸೊಕ್ಕೆ
೨೨ ಮಾರ್ಚ್ ೧೯೩೭

ಪ್ರೇಮಾ,

ನಿನ್ನ ಕಾಗದ ಬಂದು ಮೂರು ವಾರ ಆತು. ಜೊತೆಗಿದ್ದ ನನ್ನ ಕಾಗದ ಓದಿದೆ. ಅಕ್ಷರ ನಂದೇ. ಅವತ್ತು ಒಲೆ ಮುಂದೆ ಕುಂತು ಬಾಳ ಹೊತ್ತು ಅತ್ತೆ. ನಿನ್ನ ಮ್ಯಾಲೆ ಸಿಟ್ಟು ಬಂದಿತ್ತು, ಇಲ್ಲ ಅಂತ ಬರೆದ್ರೆ ಸುಳ್ಳಾಗ್ತೈತೆ. ಸುಳ್ಳು ನಮಗೆ ಸಾಕು.

ನಿನ್ನ ಭಾವನಿಗೆ ಎರಡೂ ಕಾಗದ ತೋರಿಸಿದೆ. ಅಂಗೈ ಇನ್ನೂ ಮಡಚಾಕೆ ಬರಂಗಿಲ್ಲ, ನಾನೇ ಹಿಡಿದುಕೊಂಡು ನಿಂತೆ. ಓದಿ, "ಹಾರ್ಕೊಂಡು ಬಾ ಅಂದೋನು ನಾನು. ಅದನ್ನ ಯಾವ ಬ್ಲೇಡಿನಾಗೆ ಕೆರೀಲಿ" ಅಂದ್ರು. ನಮ್ಮತ್ತೆಯವರಿಗೆ ಅವರೇ ಓದಿ ಹೇಳಿದ್ರು. ಅತ್ತೆಯವರು ರಾತ್ರಿ ನನ್ನ ತಾಟಿಗೆ ತಾವೇ ಬಡಿಸಿದ್ರು.

ಪಂಚಾಕ್ಷರಿ ಈಗ ನಮ್ಮ ಮನ್ಯಾಗೆ ಐದಾನೆ. ನಿನ್ನ ಭಾವ ಮತ್ತೆ ಜುಂಜಪ್ಪ ಹೊತ್ತುಕೊಂಡು ಹೊಸಿಲು ದಾಟಿಸಿದ್ರು. ಊರುಗೋಲು ಹಿಡಿದು ಅಂಗಳದವರೆಗೆ ಬರ್ತಾನೆ. ಅವನಿಗೆ ನಾನು ಹೇಳಲಿಲ್ಲ. ಹೇಳಬೇಕು ಅಂತ ನಿನ್ನ ನಕ್ಷೆ ತೆಗೆದೆ, ಅವನ ಅಂಗಿ ಜೇಬಿನಾಗೆ ಇತ್ತು, ರಕ್ತ ಹತ್ತಿ ಅಂಚು ಗಟ್ಟಿಯಾಗೈತೆ. ಬಾಗಿಲ ಬೆಳಕಿಗೆ ಹಿಡಿದೆ. ವೃತ್ತದ ನಡುವೆ ಕಾಗದ ತೆಳ್ಳಗೆ ಐತೆ. ಅಲ್ಲಿ ಮಾತ್ರ ಬಿಸಿಲು ಹಾಯ್ತೈತೆ, ಜೋಳದ ಕಾಳಿನಷ್ಟು.

ಆವಾಗ ನೆನಪಾತು. ಆಸ್ಪತ್ರೆಯಾಗೆ ಅವನು ದಿನಾ ಬೆಳಿಗ್ಗೆ ಆ ನಕ್ಷೆ ಕಿಟಕಿಗೆ ಎತ್ತಿ ಹಿಡಿದು ನೋಡ್ತಿದ್ದ. ಏನಪ್ಪಾ ನೋಡ್ತೀಯಾ ಅಂದ್ರೆ ಮಡಚಿ ದಿಂಬಿನ ಕೆಳಗೆ ಇಡ್ತಿದ್ದ. ನಂದೇ ತಪ್ಪು ಅಂತ ನಾನು ಅಳ್ತಾ ಇದ್ದಾಗಲೂ ಅದು ಅವನ ದಿಂಬಿನ ಕೆಳಗೆ ಇತ್ತು. ಬಾಯಿ ಬಿಡಲಿಲ್ಲ. ಅವನ ಮನಸ್ಸಿನಾಗೆ ಏನೈತೆ ನನಗೆ ತಿಳಿಯಂಗಿಲ್ಲ, ತಂಗಿ. ಅದನ್ನ ನೀನೇ ಬಂದು ಕೇಳಬೇಕು. ನಾನು ನಡುವೆ ನಿಂತು ಕಾಗದ ಸಾಗಿಸೋದು ಇನ್ನು ಇಲ್ಲ.

ಮೇಟಿ ಹಂಗೇ ಐತೆ. ಅವನು ಅಂಗಳದಾಗೆ ಕುಂತು ಅದನ್ನೇ ನೋಡ್ತಾನೆ. ನೀನು ಬಂದಮೇಲೆ ಒಂದು ಮೊರ ಜೋಳ ಸುರಿದು ಪೂಜೆ ಮಾಡಿ ಕೀಳೋಣ ಅಂತ ನಿನ್ನ ಭಾವ ಅಂದಾರೆ.

ನಿನಗೆ ಏನಾದ್ರೂ ಬರೀಲೇನು ಅಂತ ಅವನನ್ನ ಕೇಳಿದೆ. ಏನೂ ಬ್ಯಾಡ ಅಂದ. ಊರುಗೋಲು ಪಕ್ಕಕ್ಕಿಟ್ಟು, ಪ್ರೇಮಾಗೆ ಪರೀಕ್ಷೆ ಯಾವತ್ತು ಮುಗೀತೈತೆ ಅಂತ ಕೇಳಿದ. ಗೊತ್ತಿಲ್ಲ ಅಂದೆ. ಇವತ್ತು ಬೆಳಿಗ್ಗೆ ಮತ್ತೆ ಕೇಳಿದ.

ಕಸ್ತೂರಮ್ಮ